ಮಾಲೆ ತೆಗೆದ ಮೇಲಿನ ದಿನಗಳು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಕುಡಿತ ಬಿಡಲು ಹೊರಟವರಲ್ಲಿ ಅನೇಕರು ಮೊದಲು ಮೊರೆಹೋಗುವುದು ಎಪ್ಪತ್ತೇಳು ಮಲೆಯ ಮಾದಪ್ಪನಿಗೆ. ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಮಲೆ ಹತ್ತುವ ಹರಕೆಯೊಡನೆ ಮದ್ಯ ಮುಟ್ಟದಿರುವ ಮಾತೂ ಸೇರಿಕೊಳ್ಳುವುದುಂಟು. ಹಾಗೆಂದು ಈ ನೆಲದ ಭಕ್ತಿಯೆಲ್ಲ ಮದ್ಯವಿರೋಧಿ ಎಂದು ತಿಳಿಯುವಂತಿಲ್ಲ, ಏಕೆಂದರೆ ಇಲ್ಲಿಯದೇ ಆದ ಮಂಟೇಸ್ವಾಮಿ ಕಾವ್ಯದಲ್ಲಿ ಗುರುವು ಹೆಂಡದ ಗಡಿಗೆಯೊಡನೆಯೇ ಕಲ್ಯಾಣ ಪಟ್ಟಣಕ್ಕೆ ಬರುತ್ತಾನೆ. ಚಟ ಬಿಡಿಸುವ ಬಲ ದೇವರ ಹೆಸರಿನಲ್ಲಷ್ಟೇ ಅಲ್ಲ, ಆ ಹೆಸರಿನ ಸುತ್ತ ಕಟ್ಟಿಕೊಂಡ ನೇಮದಲ್ಲಿಯೂ ಇದೆ.

ಇದಕ್ಕೆ ಅಯ್ಯಪ್ಪನ ವ್ರತಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗದು. ಗುರುಸ್ವಾಮಿಯಿಂದ ಮಾಲೆ ಹಾಕಿಸಿಕೊಂಡವನು ಎರಡು ಹೊತ್ತು ತಣ್ಣೀರು ಮಿಂದು, ಕಪ್ಪು ಬಟ್ಟೆ ಉಟ್ಟು, ನೆಲದ ಮೇಲೆ ಮಲಗಿ 41 ದಿನ ಕಳೆಯುವಾಗ, ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದವರೇ ಅವನನ್ನು ‘ಸ್ವಾಮಿ’ ಎನ್ನುತ್ತಾರೆ, ಕುಡಿತದ ಗೆಳೆಯರೂ ಒತ್ತಾಯಿಸಲು ಅಂಜುತ್ತಾರೆ. ಮಾಲೆ ತೆಗೆದೊಡನೆ ಈ ಕಾವಲೆಲ್ಲ ಒಮ್ಮೆಗೇ ಕಳಚಿಹೋಗುವುದರಿಂದ, ಹಿಂದಿರುಗಿ ಬಂದ ಸಂಜೆಯೇ ಹಲವರು ಹಳೆಯ ಅಂಗಡಿಯ ದಾರಿ ಹಿಡಿಯುತ್ತಾರೆ. ಇದನ್ನು ಭಕ್ತಿಯ ಸೋಲು ಎನ್ನುವುದಕ್ಕಿಂತ ನೇಮಕ್ಕೆ ಮುಂದುವರಿಕೆ ಇಲ್ಲದ ಕೊರತೆ ಎನ್ನುವುದೇ ಸರಿ.

ಈ ಕೊರತೆಯನ್ನು ತುಂಬುವ ಯತ್ನಗಳು ಕರ್ನಾಟಕದಲ್ಲಿ ನಡೆದಿವೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು (1930–2018) 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯಲ್ಲಿ ಕಾಳುಕಡ್ಡಿಯ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು, ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ನೆರವಿನಲ್ಲಿ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಇನ್ನೂ ಮುಂದೆ ಹೋಗಿ, ಭಜನೆ, ವ್ಯಾಯಾಮ, ಆಪ್ತಸಲಹೆಗಳೊಡನೆ ಮನೆಯವರನ್ನೂ ಒಳಗೊಳ್ಳುತ್ತವೆ. ಶಿಬಿರ ಮುಗಿದ ಮೇಲೆ ‘ನವಜೀವನ ಸಮಿತಿ’ಯ ಸಭೆಗಳಲ್ಲಿ ಚಟ ಬಿಟ್ಟವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವೂ ತನಗಿಂತ ದೊಡ್ಡದೊಂದು ಶಕ್ತಿಗೆ ಶರಣಾಗಿ, ಇಂದಿನ ಒಂದು ದಿನವನ್ನಷ್ಟೇ ಗೆಲ್ಲುವ ಇದೇ ಹಾದಿಯದು.

ಆದರೆ ಹರಕೆಯ ಹುಮ್ಮಸ್ಸಿನಲ್ಲಿ ಮರೆಯಬಾರದ ಅಪಾಯವೊಂದಿದೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ತಟ್ಟನೆ ನಿಲ್ಲಿಸಿದರೆ, ಮದ್ಯ ಅದುಮಿಟ್ಟಿದ್ದ ನರಮಂಡಲ ಕೆರಳಿ, ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಾದ ಮೇಲೆ ಇಲ್ಲದ್ದು ಕಾಣುವ, ಮೈ ಅದುರುವ ಸನ್ನಿ ಹಿಡಿಯಬಹುದು. ವೈದ್ಯರು ‘ಡೆಲಿರಿಯಂ ಟ್ರೆಮೆನ್ಸ್’ ಎನ್ನುವ ಈ ಸ್ಥಿತಿ ಪ್ರಾಣಾಂತಿಕವಾಗಬಲ್ಲದು, ಹಾಗೂ ಇದನ್ನು ದೆವ್ವದ ಕಾಟವೆಂದೋ ಹರಕೆ ತಪ್ಪಿದ ಶಿಕ್ಷೆಯೆಂದೋ ಬಗೆದು ತಾಯಿತ ಕಟ್ಟಿಸುತ್ತ ಕೂರುವುದು ಶುದ್ಧ ತಪ್ಪು. ಮಾಲೆ ಧರಿಸುವ ಮೊದಲು ವೈದ್ಯರನ್ನು ಕಂಡರೆ ವ್ರತಕ್ಕೆ ಭಂಗವಿಲ್ಲ. ಮನೆಯವರು ವಿಚಾರಿಸಬೇಕೆಂದರೆ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ 14416, ಎರಡೂ ಉಚಿತ.