ಪಡ್ಡೆ ಹುಡುಗರೂ ಪೊಲೀಸರೂ: ಇಂಗ್ಲೆಂಡಿನ ಒಂದು ಕಾನೂನಿನ ಕಥೆ

ಬೀದಿ ಅಲೆಯುವ ಹುಡುಗರನ್ನು ಕರೆಯಲು ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಪೋಕರಿ, ಉಡಾಳ, ಪಡ್ಡೆ, ಪುಂಡ, ಕಿಡಿಗೇಡಿ. ಒಂದೊಂದರ ತೂಕ ಒಂದೊಂದು. ಪೋಕರಿ ಎಂದು ಬೈಯುವ ಅಜ್ಜಿಯ ತುಟಿಯಲ್ಲಿ ನಗು ಇನ್ನೂ ಉಳಿದಿರುತ್ತದೆ; ಕಿಡಿಗೇಡಿ ಎಂದ ಕೂಡಲೇ ಮಾತು ಠಾಣೆಯ ಮೆಟ್ಟಿಲು ಹತ್ತಿರುತ್ತದೆ. ಈ ಎರಡರ ನಡುವೆ ಎಲ್ಲಿಂದ ಪೊಲೀಸರ ಕೆಲಸ ಶುರುವಾಗಬೇಕು? ಕೇರಿಯ ಹಿರಿಯರು ಗದರಿಸಿ ಮುಗಿಸುತ್ತಿದ್ದ ಈ ಪ್ರಶ್ನೆಯನ್ನು ಕಾನೂನು ಮಾಡಿ ಬಗೆಹರಿಸಲು ಹೊರಟ ದೇಶ ಇಂಗ್ಲೆಂಡ್. ಅಲ್ಲಿ ಆದದ್ದೇನು ಎಂಬುದು ತಿಳಿಯತಕ್ಕ ಸಂಗತಿ.

ಹುಡುಗರ ಬಗೆಗಿನ ಗೋಳು ಅಲ್ಲಿ ಹೊಸದಲ್ಲ. 'ಹೂಲಿಗನ್' ಎಂಬ ಪದ ಲಂಡನ್ನಿನ ಪತ್ರಿಕೆಗಳಲ್ಲಿ ಮನೆಮಾತಾದದ್ದು 1898ರ ಬೇಸಿಗೆಯಲ್ಲಿ, ಆಗಸ್ಟ್ ತಿಂಗಳ ಸಾರ್ವಜನಿಕ ರಜೆಯಂದು ಬೀದಿಗಳಲ್ಲಿ ನಡೆದ ದಾಂಧಲೆಯ ನಂತರ. ಪದದ ಹುಟ್ಟಿನ ಬಗ್ಗೆ ಒಮ್ಮತವಿಲ್ಲ. ಐರಿಷ್ ಮನೆತನವೊಂದರ ಹೆಸರು ಅದು ಎನ್ನುವವರೇ ಹೆಚ್ಚು. ಜೆಫ್ರಿ ಪಿಯರ್ಸನ್ ಎಂಬ ವಿದ್ವಾಂಸ 1983ರಲ್ಲಿ ಈ ಪದವನ್ನೇ ಹೆಸರಾಗಿಟ್ಟು ಪುಸ್ತಕವೊಂದನ್ನು ಬರೆದ. 'ಇಪ್ಪತ್ತು ವರ್ಷಗಳ ಹಿಂದೆ ಹುಡುಗರು ಹೀಗಿರಲಿಲ್ಲ' ಎಂದು ಹಿರಿಯರು ಹೇಳಿದಾಗಲೆಲ್ಲ ಅವನು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ನೋಡುತ್ತಾನೆ. ಅಲ್ಲಿನ ಹಿರಿಯರೂ ಅದನ್ನೇ ಹೇಳುತ್ತಿರುತ್ತಾರೆ!

ಆದರೆ ಹುಡುಗರು, ಪತ್ರಿಕೆ, ಪೊಲೀಸ್, ಶಾಸನ ಈ ನಾಲ್ಕೂ ಒಂದೇ ಹಗ್ಗದಲ್ಲಿ ಹೊಸೆದುಕೊಂಡದ್ದು 1964ರಲ್ಲಿ. ಆ ವರ್ಷದ ಈಸ್ಟರ್ ರಜೆಗೆ ಲಂಡನ್ನಿನ ಹುಡುಗ ಹುಡುಗಿಯರು ಪೂರ್ವ ಕರಾವಳಿಯ ಕ್ಲಾಕ್ಟನ್ ಎಂಬ ಪುಟ್ಟ ಊರಿಗೆ ಬಂದಿದ್ದರು. ಮಳೆ, ವಿಪರೀತ ಚಳಿ, ಮಾಡಲು ಏನೂ ಇಲ್ಲ. ಅಂಗಡಿ ಹೋಟೆಲಿನವರಿಗೆ ಇವರನ್ನು ಕಂಡರೆ ಸಿಡುಕು. ಬೇಸರ ತಡೆಯದೆ ಗುಂಪುಗಳು ಒಂದರ ಮೇಲೊಂದು ಕಲ್ಲು ತೂರಿದವು. ಸ್ಕೂಟರ್, ಮೋಟಾರ್ ಸೈಕಲ್ ಇದ್ದವರು ರಸ್ತೆಯುದ್ದಕ್ಕೂ ಅಬ್ಬರಿಸಿಕೊಂಡು ಓಡಾಡಿದರು. ಕೆಲವು ಕಿಟಕಿಗಳ ಗಾಜು ಒಡೆಯಿತು, ಕಡಲ ದಂಡೆಯ ಕೆಲವು ಗುಡಿಸಲುಗಳು ಮುರಿದವು. ಒಬ್ಬ ಹುಡುಗ ಓಟದ ಪಂದ್ಯ ಶುರುಮಾಡುವ ಸದ್ದಿನ ಪಿಸ್ತೂಲನ್ನು ಆಕಾಶಕ್ಕೆ ಹಾರಿಸಿದ. ಒಟ್ಟು ನಷ್ಟ ಐನೂರು ಪೌಂಡಿನ ಆಸುಪಾಸು.

ಮರುದಿನ ಲಂಡನ್ನಿನ ದೊಡ್ಡ ಪತ್ರಿಕೆಗಳು ಊರಿನ ಮೇಲೆ ದಂಡು ಬಿದ್ದಿತೆಂಬಂತೆ ಬರೆದವು. ಬಂಧಿತರು 97 ಮಂದಿ ಎಂಬ ಅಂಕಿ ತಲೆಬರಹಗಳಲ್ಲಿ ಮಿಂಚಿತು. ಅವರಲ್ಲಿ ಎಷ್ಟು ಮಂದಿಯ ಮೇಲೆ ನಿಜಕ್ಕೂ ಮೊಕದ್ದಮೆ ಹೂಡಲಾಯಿತು ಎಂಬ ಪ್ರಶ್ನೆ ಯಾರಿಗೂ ಬೇಕಾಗಿರಲಿಲ್ಲ. ನಯವಾದ ಸೂಟು ತೊಟ್ಟು ಸ್ಕೂಟರ್ ಏರುವ 'ಮಾಡ್ಸ್', ಚರ್ಮದ ಅಂಗಿ ತೊಟ್ಟು ಮೋಟಾರ್ ಸೈಕಲ್ ಏರುವ 'ರಾಕರ್ಸ್' ಎಂಬ ಎರಡು ಬಣಗಳು ಆ ಕ್ಷಣದಿಂದ ದೇಶಕ್ಕೆಲ್ಲ ಪರಿಚಿತವಾದವು. ಕ್ಲಾಕ್ಟನ್ನಿಗೆ ಬಂದವರಲ್ಲಿ ಬಹುಪಾಲು ಹುಡುಗರ ಬಳಿ ಯಾವ ವಾಹನವೂ ಇರಲಿಲ್ಲ ಎಂಬುದು ಬೇರೆ ಮಾತು.

ಮುಂದಿನ ರಜೆ ಬಂದದ್ದು ಮೇ ತಿಂಗಳಲ್ಲಿ. ಬ್ರೈಟನ್, ಮಾರ್ಗೇಟ್ ಊರುಗಳಿಗೆ ಹುಡುಗರ ಜೊತೆಗೆ ಛಾಯಾಗ್ರಾಹಕರೂ ಪೊಲೀಸರೂ ಮೊದಲೇ ಬಂದು ಕಾದಿದ್ದರು. ಗಲಭೆ ನೋಡಲೆಂದೇ ಜನ ನೆರೆದರು. ಎಲ್ಲರೂ ಕಾಯುತ್ತಿದ್ದುದು ನಡೆಯದೆ ಇರುತ್ತದೆಯೆ? ಮಾರ್ಗೇಟಿನ ಮ್ಯಾಜಿಸ್ಟ್ರೇಟರು ತಮ್ಮೆದುರು ನಿಂತ ಹುಡುಗರನ್ನು 'ಮರದ ಹೊಟ್ಟಿನ ಸೀಸರ್‌ಗಳು' ಎಂದು ಹೀಯಾಳಿಸಿದ್ದು ದೇಶವೆಲ್ಲ ಹಬ್ಬಿತು. 75 ಪೌಂಡ್ ದಂಡ ಬಿದ್ದ ಹುಡುಗನೊಬ್ಬ 'ಚೆಕ್ ಕೊಡುತ್ತೇನೆ' ಎಂದನಂತೆ. ನೋಡಿ, ಇಂದಿನ ಹುಡುಗರ ಕೊಬ್ಬು, ಇವರ ಕೈಯಲ್ಲಾಡುವ ದುಡ್ಡು ಎಂದು ವರ್ಷಗಟ್ಟಲೆ ಅದನ್ನು ಉದಾಹರಿಸಿದರು. ಆ ಹುಡುಗನಿಗೆ ಬ್ಯಾಂಕಿನಲ್ಲಿ ಖಾತೆಯೇ ಇರಲಿಲ್ಲ. ಮಾನ ಉಳಿಸಿಕೊಳ್ಳಲು ಆಡಿದ ಜಂಬದ ಮಾತು ಅದು. ಆಗಸ್ಟಿನಲ್ಲಿ ಹೇಸ್ಟಿಂಗ್ಸ್ ಊರಿಗೆ ಹೆಚ್ಚುವರಿ ಪೊಲೀಸರನ್ನು ವಿಮಾನದಲ್ಲಿ ಸಾಗಿಸಲಾಯಿತು. ಗಾಜು ಒಡೆದವರಿಗೆ ಹೆಚ್ಚಿನ ದಂಡ ವಿಧಿಸುವ ಶಾಸನವೊಂದು ಅದೇ ಬೇಸಿಗೆಯಲ್ಲಿ ಸಂಸತ್ತಿನಿಂದ ಹೊರಬಿತ್ತು.

ಇದನ್ನೆಲ್ಲ ಅಧ್ಯಯನ ಮಾಡಿದವನು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿ ಲಂಡನ್ನಿಗೆ ಓದಲು ಬಂದ ಸ್ಟ್ಯಾನ್ಲಿ ಕೋಹೆನ್. ಅವನ ಪುಸ್ತಕ 1972ರಲ್ಲಿ ಪ್ರಕಟವಾಗಿ 'ಮಾರಲ್ ಪ್ಯಾನಿಕ್' ಎಂಬ ಮಾತನ್ನು ಸಮಾಜಶಾಸ್ತ್ರಕ್ಕೆ ನೆಲೆಯಾಗಿ ಕೊಟ್ಟಿತು. ನೈತಿಕ ದಿಗಿಲು ಎನ್ನಬಹುದೇನೋ. ಹುಡುಗರು ಏನೂ ಮಾಡಲಿಲ್ಲವೆಂದು ಕೋಹೆನ್ ವಾದಿಸಲಿಲ್ಲ. ಮಾಡಿದ್ದಕ್ಕೂ ಅದಕ್ಕೆ ಬಂದ ಪ್ರತಿಕ್ರಿಯೆಗೂ ತಾಳೆಯಿಲ್ಲ, ಆ ಪ್ರತಿಕ್ರಿಯೆಯೇ ಮುಂದಿನ ಗಲಭೆಗೆ ವೇದಿಕೆ ಕಟ್ಟಿಕೊಡುತ್ತದೆ ಎಂಬುದು ಅವನ ವಾದ. ತನಗೆ ಕೊಟ್ಟ ಹೆಸರಿಗೆ ತಕ್ಕಂತೆ ನಡೆದುಕೊಳ್ಳುವುದು ಹದಿನಾರರ ವಯಸ್ಸಿನ ಸ್ವಭಾವ.

ಇಷ್ಟನ್ನೇ ಹೇಳಿ ಸುಮ್ಮನಾದರೆ ಕಥೆಯ ಅರ್ಧ ಮಾತ್ರ ಹೇಳಿದಂತೆ. ರಜೆಗೆ ಬಂದು ಹೋಗುವ ಹುಡುಗರು ಒಂದು ಬಗೆ. ದಿನವೂ ಸಂಜೆ ನಿಮ್ಮದೇ ಬಾಗಿಲ ಮುಂದೆ ನಿಲ್ಲುವವರು ಇನ್ನೊಂದು ಬಗೆ. ಇಂಗ್ಲೆಂಡಿನ ಸರ್ಕಾರಿ ವಸತಿ ಬಡಾವಣೆಗಳಲ್ಲಿ 1980ರ ದಶಕದಿಂದ ಕೆಲಸ ಕಡಿಮೆಯಾಗಿ, ಹುಡುಗರು ಮೆಟ್ಟಿಲ ಬಳಿ ಗುಂಪುಗೂಡಿದರು. ಒಂದು ದಿನ ಬಾಗಿಲಿಗೆ ಮೊಟ್ಟೆ, ಇನ್ನೊಂದು ದಿನ ಗೋಡೆಗೆ ಬಣ್ಣ, ಮತ್ತೊಂದು ದಿನ ಅಂಚೆ ಪೆಟ್ಟಿಗೆಯಲ್ಲಿ ಪಟಾಕಿ. ಒಂಟಿ ಮುದುಕಿ ಪೊಲೀಸರಿಗೆ ಫೋನ್ ಮಾಡಿದರೆ, ಬಂದ ಪೇದೆಗೆ ಕಾಣುವುದು ಒಂದು ಮೊಟ್ಟೆ ಮಾತ್ರ. ಅಪರಾಧ ಕಾನೂನಿನ ಕಣ್ಣು ಹಾಗೆಯೇ: ಅದು ಘಟನೆಯನ್ನು ಬಿಡಿಬಿಡಿಯಾಗಿ ನೋಡುತ್ತದೆ. ಒಂದು ಮೊಟ್ಟೆಗೆ ಕೋರ್ಟಿಲ್ಲ. ಮುನ್ನೂರು ದಿನಗಳ ಮೊಟ್ಟೆಗಳು ಒಬ್ಬ ಮನುಷ್ಯಳಿಗೆ ಏನು ಮಾಡುತ್ತವೆ ಎಂದು ಕೇಳಲು ಅದರಲ್ಲಿ ಕಲಮೇ ಇಲ್ಲ. ಮೇಲಾಗಿ ಸಾಕ್ಷಿ ಹೇಳಿದ ಮುದುಕಿ ಸಂಜೆ ಅದೇ ಮೆಟ್ಟಿಲು ಹತ್ತಿ ಮನೆ ಸೇರಬೇಕು.

ಈ ಕೊರತೆ ತುಂಬಲು ಟೋನಿ ಬ್ಲೇರ್ ಸರ್ಕಾರ 1998ರ ಅಪರಾಧ ಮತ್ತು ಅಶಾಂತಿ ಶಾಸನದಲ್ಲಿ ಹೊಸ ಅಸ್ತ್ರವೊಂದನ್ನು ತಂದಿತು. ಸಮಾಜವಿರೋಧಿ ವರ್ತನೆ ತಡೆಯುವ ಆದೇಶ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಜನ ಇದನ್ನು 'ಆಸ್ಬೋ' ಎಂದು ಕರೆದರು. 1999ರ ಏಪ್ರಿಲ್‌ನಿಂದ ಜಾರಿಗೆ ಬಂತು. ಹತ್ತು ವರ್ಷ ತುಂಬಿದ ಯಾರ ಮೇಲಾದರೂ ಪೊಲೀಸರು ಅಥವಾ ಪುರಸಭೆ ಈ ಆದೇಶ ಕೇಳಬಹುದು. ಆತ ತನ್ನ ಮನೆಯವರಲ್ಲದ ಯಾರಿಗಾದರೂ ಕಿರುಕುಳ, ದಿಗಿಲು ಅಥವಾ ಸಂಕಟ ಉಂಟುಮಾಡಿದ್ದಾನೆ ಎಂದು ತೋರಿಸಿದರಾಯಿತು. ಇದು ಸಿವಿಲ್ ವ್ಯವಹಾರವಾದ್ದರಿಂದ ನೆರೆಯವರು ಹೇಳಿದ್ದನ್ನು ಅಧಿಕಾರಿಯೇ ಬಂದು ಹೇಳಬಹುದು. ಮುದುಕಿ ಕಟಕಟೆ ಹತ್ತಬೇಕಾಗಿಲ್ಲ. ಮ್ಯಾಂಚೆಸ್ಟರಿನ ಮೂವರು ಸಹೋದರರ ಪ್ರಕರಣ 2002ರಲ್ಲಿ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದಾಗ ನ್ಯಾಯಾಧೀಶರು ಈ ಏರ್ಪಾಡನ್ನು ಒಪ್ಪಿದರು. ಆದರೆ ಪುರಾವೆ ಮಾತ್ರ ಕ್ರಿಮಿನಲ್ ಮೊಕದ್ದಮೆಯಷ್ಟೇ ಗಟ್ಟಿಯಾಗಿರಬೇಕು ಎಂದರು.

ರೋಗ ಗುರುತಿಸಿದ್ದು ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ಔಷಧದಲ್ಲಿ. ಆದೇಶ ಸಿವಿಲ್, ಅದನ್ನು ಮುರಿದರೆ ಮಾತ್ರ ಕ್ರಿಮಿನಲ್. ಆ ಬೀದಿಗೆ ಹೋಗಬಾರದು, ಇಂಥ ಗೆಳೆಯರ ಜೊತೆ ನಿಲ್ಲಬಾರದು ಎಂದು ಆದೇಶವಾಗಿದ್ದರೆ, ಗೆಳೆಯನ ಜೊತೆ ನಿಂತದ್ದಕ್ಕೇ ಸೆರೆ! ವಯಸ್ಕರಿಗೆ ಐದು ವರ್ಷದವರೆಗೆ, ಹುಡುಗರಿಗೆ ಎರಡು ವರ್ಷದವರೆಗೆ. ಭಿಕ್ಷೆ ಬೇಡುವುದಕ್ಕೆ ಜೈಲು ಶಿಕ್ಷೆಯನ್ನು ಇಂಗ್ಲೆಂಡ್ 1982ರಲ್ಲಿಯೇ ರದ್ದು ಮಾಡಿತ್ತು. ಬೇಡಬಾರದೆಂಬ ಆಸ್ಬೋ ಮುರಿದವರು ಹಿಂಬಾಗಿಲಿನಿಂದ ಮತ್ತೆ ಜೈಲು ಸೇರಿದರು. ಆದೇಶದ ಕನಿಷ್ಠ ಅವಧಿ ಎರಡು ವರ್ಷ. ನಲವತ್ತರವನಿಗೆ ಎರಡು ವರ್ಷ ಏನೂ ಅಲ್ಲ, ಹದಿಮೂರರ ಹುಡುಗನಿಗೆ ಅದೊಂದು ಯುಗ. ಬಾಲಾಪರಾಧಿಗಳ ಕೋರ್ಟಿನಲ್ಲಿ ಹುಡುಗರ ಹೆಸರು ಗುಟ್ಟಾಗಿರುತ್ತದೆ, ಇಲ್ಲಿ ಹಾಗಿಲ್ಲ. ಲಂಡನ್ನಿನ ಬ್ರೆಂಟ್ ಪ್ರದೇಶದಲ್ಲಿ 2003ರಲ್ಲಿ ಹುಡುಗರ ಭಾವಚಿತ್ರ ಹಾಕಿ ಕರಪತ್ರ ಹಂಚಿದರು. ಮರುವರ್ಷ ಹೈಕೋರ್ಟು ಅದನ್ನು ತಪ್ಪೆನ್ನಲಿಲ್ಲ. ಕೆಲವು ಹುಡುಗರಂತೂ ಆಸ್ಬೋವನ್ನು ಪದವಿ ಪ್ರಮಾಣಪತ್ರದಂತೆ ಮೆರೆಸುತ್ತಾರೆ ಎಂದು ಬಾಲನ್ಯಾಯ ಮಂಡಳಿಯ 2006ರ ಅಧ್ಯಯನದಲ್ಲಿ ಮಾತು ಬಂತು. ಕೋಹೆನ್ ಹೇಳಿದ್ದೂ ಅದೇ ಅಲ್ಲವೆ?

ಕ್ರಮೇಣ ಏನು ಮಾಡಿದ ಎನ್ನುವುದಕ್ಕಿಂತ ಹೇಗೆ ಕಾಣುತ್ತಾನೆ ಎನ್ನುವುದೇ ದೊಡ್ಡದಾಯಿತು. ಕೆಂಟ್ ಸೀಮೆಯ ಬ್ಲೂವಾಟರ್ ಎಂಬ ಭಾರೀ ಮಳಿಗೆ ಸಂಕೀರ್ಣ 2005ರಲ್ಲಿ ತಲೆ ಮುಚ್ಚುವ ಟೊಪ್ಪಿಗೆಯಂಗಿ ಹಾಕಿಕೊಂಡವರಿಗೆ ಪ್ರವೇಶವಿಲ್ಲವೆಂದಿತು. ಅದೇ ವರ್ಷ ವೇಲ್ಸ್‌ನ ಹೊವರ್ಡ್ ಸ್ಟೇಪಲ್‌ಟನ್ ಎಂಬಾತ 'ಮಸ್ಕಿಟೊ' ಎಂಬ ಯಂತ್ರ ತಯಾರಿಸಿದ. ವಯಸ್ಸಾದಂತೆ ಕಿವಿಗೆ ಅತಿ ತೀಕ್ಷ್ಣ ಸ್ವರಗಳು ಕೇಳದೆ ಹೋಗುತ್ತವೆ; ಸೆಕೆಂಡಿಗೆ ಹದಿನೇಳು ಸಾವಿರ ಕಂಪನಗಳ ಆಸುಪಾಸಿನ ಈ ಕಿರ್ರೆನ್ನುವ ಸದ್ದು ಹುಡುಗರಿಗೆ ಮಾತ್ರ ಕೇಳಿ, ಅವರು ಅಂಗಡಿ ಮುಂದೆ ನಿಲ್ಲಲಾರದೆ ಹೋಗುತ್ತಾರೆ. ತೊಟ್ಟಿಲ ಮಗುವಿಗೂ ಅದು ಕೇಳುತ್ತದೆಂಬುದನ್ನು ಅಂಗಡಿಯವರು ಯೋಚಿಸಿದಂತಿಲ್ಲ. ಹುಡುಗರೇನು ಕಡಿಮೆಯೆ? ಅದೇ ಸದ್ದನ್ನು ಮೊಬೈಲ್ ಫೋನಿನ ಕರೆಗಂಟೆ ಮಾಡಿಕೊಂಡು, ಮೇಷ್ಟರ ಕಿವಿಗೆ ಬೀಳದಂತೆ ತರಗತಿಯಲ್ಲಿಯೇ ಸಂದೇಶ ಪಡೆದರು.

ನಗು ಬರುವ ಈ ಸಂಗತಿಗಳ ಪಕ್ಕದಲ್ಲಿಯೇ ಇನ್ನೊಂದಿದೆ. ಲೆಸ್ಟರ್‌ಷೈರ್ ಸೀಮೆಯಲ್ಲಿ ಅಂಗವಿಕಲ ಮಗಳನ್ನು ಸಾಕುತ್ತಿದ್ದ ತಾಯಿಯೊಬ್ಬರ ಮನೆಯ ಮೇಲೆ ನೆರೆಯ ಹುಡುಗರು ವರ್ಷಗಟ್ಟಲೆ ಕಲ್ಲು, ಮೊಟ್ಟೆ, ಹಿಟ್ಟು ಎಸೆದರು, ಅಣಕಿಸಿದರು. ಆ ಮನೆಯಿಂದ ಪೊಲೀಸರಿಗೆ ಹೋದ ಕರೆಗಳು 33. ಪ್ರತಿ ಸಲವೂ ಅದು ಒಂದು ಚಿಕ್ಕ ಪುಂಡಾಟ ಎಂದು ದಾಖಲಾಯಿತು. 2007ರ ಅಕ್ಟೋಬರಿನಲ್ಲಿ ಆ ತಾಯಿ ಮಗಳ ಪ್ರಾಣವನ್ನೂ ತನ್ನ ಪ್ರಾಣವನ್ನೂ ತೆಗೆದುಕೊಂಡರು. ಪೊಲೀಸರ ಮತ್ತು ಪುರಸಭೆಗಳ ವೈಫಲ್ಯವೂ ಇದಕ್ಕೆ ಕಾರಣವೆಂದು 2009ರ ವಿಚಾರಣೆಯಲ್ಲಿ ಜ್ಯೂರಿ ಹೇಳಿತು.

ಆಸ್ಬೋ ಆಗ ಜಾರಿಯಲ್ಲಿಯೇ ಇತ್ತು. ಬಿಡಿ ಘಟನೆಗಳನ್ನು ಪೋಣಿಸಿ ನೋಡಲೆಂದೇ ಹುಟ್ಟಿದ ಕಾನೂನು ಅದು. ದೇಶವೆಲ್ಲ ಸಾವಿರಾರು ಆದೇಶಗಳು ಹೊರಡುತ್ತಿದ್ದಾಗ, ಅದು ನಿಜವಾಗಿ ಬೇಕಾಗಿದ್ದ ಮನೆಯಲ್ಲಿ 33 ಕರೆಗಳನ್ನು ಪೋಣಿಸುವವರಿರಲಿಲ್ಲ. ಪೊಲೀಸರು ಬಿಗಿಯಾಗಿದ್ದರೋ ಸಡಿಲವಾಗಿದ್ದರೋ ಎಂಬ ಚರ್ಚೆ ಆ ದೇಶದಲ್ಲಿ ಬಹಳ ನಡೆದಿದೆ. ಅವರ ಕಣ್ಣು ಅಂಗಡಿ ಮುಂದೆ ನಿಂತ ಹುಡುಗರ ಮೇಲಿತ್ತು, ಕಿಟಕಿಯ ಹಿಂದೆ ಕುಳಿತವರ ಮೇಲಿರಲಿಲ್ಲ ಎಂದು ನನಗನಿಸುತ್ತದೆ.

ನಮ್ಮಲ್ಲಿ ಈ ಬಗೆಯ ಕಾನೂನು ಇಲ್ಲವೆಂದಲ್ಲ. 'ನೂರಾ ಏಳು ಹಾಕಿಸುತ್ತೇನೆ' ಎಂಬ ಬೆದರಿಕೆ ಕೇಳದ ಊರು ಕರ್ನಾಟಕದಲ್ಲಿ ಇರಲಾರದು. ಶಾಂತಿ ಕಾಪಾಡುತ್ತೇನೆಂದು, ಸನ್ನಡತೆಯಿಂದ ಇರುತ್ತೇನೆಂದು ಮ್ಯಾಜಿಸ್ಟ್ರೇಟರ ಮುಂದೆ ಮುಚ್ಚಳಿಕೆ ಬರೆದುಕೊಡಿಸುವ ದಂಡ ಪ್ರಕ್ರಿಯಾ ಸಂಹಿತೆಯ 107, 110ನೇ ಕಲಮುಗಳು 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 126, 129 ಆಗಿವೆ. ಇವುಗಳ ಬೇರು ಇಂಗ್ಲೆಂಡಿನ 1361ರ ಶಾಸನವೊಂದರ ತನಕ ಇಳಿಯುತ್ತದೆ. ಆಸ್ಬೋ ಕೂಡ ಅದೇ ವಂಶದ ಕೂಸು. ಆದರೆ ಒಂದು ವ್ಯತ್ಯಾಸವಿದೆ, ಚಿಕ್ಕದಲ್ಲ. ಹದಿನೆಂಟು ತುಂಬದ ಮಕ್ಕಳ ಮೇಲೆ ಈ ಮುಚ್ಚಳಿಕೆ ಅಧ್ಯಾಯವನ್ನು ಪ್ರಯೋಗಿಸಲೇಬಾರದು ಎಂದು ನಮ್ಮ 2015ರ ಬಾಲನ್ಯಾಯ ಕಾಯ್ದೆಯ 22ನೇ ಕಲಮು ಹೇಳುತ್ತದೆ. 2000ದ ಕಾಯ್ದೆಯಲ್ಲಿಯೂ ಅದಿತ್ತು. ಠಾಣೆಗಳಲ್ಲಿ ಎಷ್ಟು ಮಂದಿ ಇದನ್ನು ಓದಿದ್ದಾರೋ, ಅದು ಬೇರೆ.

ಬ್ರಿಟನ್ನಿನಲ್ಲಿಯೇ ಇನ್ನೊಂದು ದಾರಿ ಹಿಡಿದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ. ಚೂರಿ ಹಿಡಿದ ಹುಡುಗರ ಗುಂಪುಗಳಿಗೆ ಹೆಸರಾದ ಊರು ಅದು. ಅಲ್ಲಿನ ಪೊಲೀಸರೇ 2005ರಲ್ಲಿ ಹಿಂಸೆ ತಗ್ಗಿಸುವ ಘಟಕವೊಂದನ್ನು ಕಟ್ಟಿ, ಚೂರಿ ಇರಿತವನ್ನು ಸಾಂಕ್ರಾಮಿಕ ರೋಗದಂತೆ ಕಾಣಬೇಕೆಂದರು. 2008ರಲ್ಲಿ ಗುಂಪುಗಳ ಹುಡುಗರನ್ನು ಕೋರ್ಟಿನ ಸಭಾಂಗಣಕ್ಕೆ ಕರೆಸಿದರು. ವಿಚಾರಣೆಗಲ್ಲ, ಕೇಳಿಸಿಕೊಳ್ಳಲು. ಗಾಯ ಹೊಲಿಯುವ ವೈದ್ಯರು ಮಾತಾಡಿದರು, ಮಗನನ್ನು ಕಳೆದುಕೊಂಡ ತಾಯಿ ಮಾತಾಡಿದಳು. ಮುಂದೆಯೂ ಹೊಡೆದಾಡಿದರೆ ಇಡೀ ಗುಂಪಿನ ಬೆನ್ನು ಬೀಳುತ್ತೇವೆ ಎಂದು ಪೊಲೀಸರು ಖಡಾಖಂಡಿತವಾಗಿ ಹೇಳಿದರು. ಬಿಡುವ ಮನಸ್ಸಿದ್ದರೆ ಕೆಲಸಕ್ಕೆ, ಓದಿಗೆ ನೆರವಾಗಲು ಒಂದು ಫೋನ್ ನಂಬರನ್ನೂ ಕೊಟ್ಟರು. ಅಮೆರಿಕದ ಬಾಸ್ಟನ್‌ನಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗದ ಮಾದರಿ ಅದು. ಈ ಯೋಜನೆಗೆ ಸೇರಿದ ಹುಡುಗರಲ್ಲಿ ಆಯುಧ ಇಟ್ಟುಕೊಂಡು ತಿರುಗುವುದು ಇಳಿದದ್ದು ಮುಂದಿನ ಅಧ್ಯಯನದಲ್ಲಿ ಕಂಡುಬಂತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರ ಕೊನೆಯವರೆಗೆ ಹೊರಟ ಆಸ್ಬೋಗಳು 24 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಮ್ಮೆಯಾದರೂ ಮುರಿದವು. 2014ರ ಶಾಸನ ಆಸ್ಬೋವನ್ನು ತೆಗೆದುಹಾಕಿ ಸಿವಿಲ್ ತಡೆಯಾಜ್ಞೆಯೊಂದನ್ನು ತಂದಿತು. ಅದನ್ನು ಮುರಿದರೆ ನ್ಯಾಯಾಲಯ ನಿಂದನೆ, ಅಪರಾಧವಲ್ಲ. ಮೊದಲ ಕರಡಿನಲ್ಲಿ 'ತೊಂದರೆ ಅಥವಾ ಕಿರಿಕಿರಿ' ಮಾಡಿದರೂ ಸಾಕು ಎಂದಿತ್ತು. ಹಾಗಾದರೆ ಚರ್ಚಿನ ಗಂಟೆ ಬಾರಿಸುವವನೂ ಸಿಕ್ಕಿಬೀಳುತ್ತಾನೆ ಎಂಬ ಗದ್ದಲವೆದ್ದು, ಮೇಲ್ಮನೆ ಅದಕ್ಕೆ ತಡೆಯೊಡ್ಡಿತು. ಅದೇ ಶಾಸನ ದೂರುಗಾರರಿಗೂ ಒಂದು ಹಕ್ಕು ಕೊಟ್ಟಿದೆ: ಆರು ತಿಂಗಳಲ್ಲಿ ಮೂರು ದೂರು ಕೊಟ್ಟವರು ಕೇಳಿದರೆ, ಪೊಲೀಸರೂ ಪುರಸಭೆಯೂ ಒಟ್ಟಿಗೆ ಕುಳಿತು ಆ ದೂರುಗಳನ್ನೆಲ್ಲ ಒಂದೇ ಕಡತದಲ್ಲಿ ಪರಿಶೀಲಿಸಬೇಕು. 2025ರಲ್ಲಿ ಸಂಸತ್ತಿನ ಮುಂದೆ ಬಂದ ಹೊಸ ಮಸೂದೆಯೊಂದು 'ರೆಸ್ಪೆಕ್ಟ್ ಆರ್ಡರ್' ಎಂಬ ಇನ್ನೊಂದು ಆದೇಶವನ್ನು ಸೂಚಿಸಿತು. ಮುರಿದರೆ ಮತ್ತೆ ಕ್ರಿಮಿನಲ್, ಹಳೆಯ ಆಸ್ಬೋದಂತೆಯೇ. ಆದರೆ ಈ ಸಲ ಹದಿನೆಂಟು ತುಂಬಿದವರ ಮೇಲೆ ಮಾತ್ರ.