ಏಳಕ್ಷರದ ಕರೆ

ಕನ್ನಡ ಓದುವವರ ಕಿವಿಗೆ ‘ತೀನಂಶ್ರೀ’ ಎಂಬ ಮೂರಕ್ಷರ ಬಿದ್ದರೆ ಸಾಕು, ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ಎಂಬ ಪೂರ್ಣನಾಮವೂ ‘ಭಾರತೀಯ ಕಾವ್ಯಮೀಮಾಂಸೆ’ಯೂ ಒಟ್ಟಿಗೆ ನೆನಪಿಗೆ ಬರುತ್ತವೆ. ಆ ತೀರ್ಥಪುರ ನಮ್ಮ ಶೆಟ್ಟಿಕೆರೆಯಿರುವ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದೇ ಊರು. ಹೆಸರನ್ನು ಮೊಟಕುಮಾಡಿ ಕರೆಯುವುದು ನಮ್ಮ ಸಾಹಿತ್ಯಲೋಕಕ್ಕೆ ಹೊಸದಲ್ಲ. ಆದರೆ ಮೊಟಕು ಹೆಸರು ಕೆಲಸಕ್ಕೆ ಬರಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಅದೇ ಮೊಟಕು ಹೆಸರು ಬೇರೊಂದಕ್ಕೆ ಇರಕೂಡದು. ಆ ಹೆಸರಿನ ವಸ್ತು ಕೆಡದೆ ಉಳಿದಿರಬೇಕು. ನಾವು ಎಲ್ಲಿ ನಿಂತು ಕರೆಯುತ್ತೇವೆಯೋ ಅಲ್ಲಿಗೆ ಅದು ಬರುವಂತಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕರೆ ವ್ಯರ್ಥ.

ಶಾಸನಗಳನ್ನು ಅಭ್ಯಾಸಮಾಡುವವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದ ಹನ್ನೆರಡನೆಯ ಸಂಪುಟ 1904ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರತಿ ತಾಲ್ಲೂಕಿಗೂ ಎಣಿಕೆ ಒಂದರಿಂದಲೇ ತೊಡಗುತ್ತದೆ. ಆದುದರಿಂದ ಬರಿಯ ಸಂಖ್ಯೆ ಸಾಲದು, ತಾಲ್ಲೂಕಿನ ಗುರುತೂ ಬೇಕು. ಆ ಗುರುತನ್ನು ಎಷ್ಟು ಮೊಟಕುಮಾಡಬಹುದು? ಚನ್ನಪಟ್ಟಣ, ಚನ್ನರಾಯಪಟ್ಟಣ, ಚಾಮರಾಜನಗರ, ಚಿತ್ರದುರ್ಗ, ಚಿಂತಾಮಣಿ, ಚಳ್ಳಕೆರೆ ಎಲ್ಲವೂ ಚಕಾರದಿಂದಲೇ ಹೊರಡುತ್ತವೆ. ‘ಚಿಕ್ಕ’ ಎಂದು ಬರೆದರೂ ಚಿಕ್ಕಮಗಳೂರೋ ಚಿಕ್ಕಬಳ್ಳಾಪುರವೋ ನಮ್ಮ ಚಿಕ್ಕನಾಯಕನಹಳ್ಳಿಯೋ ತಿಳಿಯದು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿ 1972ರಿಂದ ಹೊರಬರತೊಡಗಿದಾಗ ಸಂಖ್ಯೆಗಳು ಬೇರೆಯಾದವು. ಹಳೆಯ ಗ್ರಂಥವೊಂದರ ಅಡಿಟಿಪ್ಪಣಿಯ ಸಂಖ್ಯೆಯನ್ನು ಹಿಡಿದು ಹೊಸ ಸಂಪುಟವನ್ನು ತೆರೆದವನಿಗೆ ಬೇರೆಯೇ ಶಾಸನ ಎದುರಾಗುವುದುಂಟು.

ಇದೇ ಪ್ರಶ್ನೆ ಇಂದು ಬೇರೊಂದು ವೇಷದಲ್ಲಿ ನಮ್ಮ ಮುಂದೆ ಬಂದಿದೆ. ಕಂಪ್ಯೂಟರಿನಲ್ಲಿ ಬರೆದದ್ದರ ಪ್ರತಿಯೊಂದು ಹಂತವನ್ನೂ ಕಾದಿಡುವ ಏರ್ಪಾಡಿಗೆ ಆವೃತ್ತಿ ನಿಯಂತ್ರಣ ಎಂದು ಹೆಸರು. ಅವುಗಳಲ್ಲಿ ಇಂದು ಅತ್ಯಂತ ಹೆಚ್ಚು ಬಳಕೆಯಲ್ಲಿರುವುದು ಗಿಟ್. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿದ ಲೈನಸ್ ಟೋರ್ವಾಲ್ಡ್ಸ್ ಅವರು 2005ರ ಏಪ್ರಿಲಿನಲ್ಲಿ ಇದನ್ನು ರಚಿಸಿದರು. ಹಾಗೆ ಕಾದಿಟ್ಟ ಒಂದೊಂದು ಹಂತಕ್ಕೂ ಕಮಿಟ್ ಎನ್ನುತ್ತಾರೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತುಹಾಕಿಕೊಂಡು ಕೆಲಸಮಾಡುವ ಗ್ರಂಥಸಂಪಾದಕನಿಗೆ ಇದರ ಉಪಯೋಗವನ್ನು ವಿವರಿಸಿ ಹೇಳಬೇಕಾದುದಿಲ್ಲ. ಯಾವ ದಿನ, ಯಾರು, ಯಾವ ಪಾಠವನ್ನು ಬಿಟ್ಟು ಯಾವುದನ್ನು ಸ್ವೀಕರಿಸಿದರು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರವಿನ್ಯಾಸಗಳ ಮೂಲವನ್ನೂ ಇಂಥ ಭಂಡಾರದಲ್ಲಿಯೇ ಇರಿಸಿದ್ದಾರೆ.

ಪ್ರತಿ ಕಮಿಟ್ಟಿಗೂ ಗಿಟ್ ತಾನೇ ಒಂದು ಹೆಸರಿಡುತ್ತದೆ. ಆ ಹೆಸರು ಮನಸ್ಸಿಗೆ ತೋಚಿದಂತೆ ಇಟ್ಟುದಲ್ಲ. ಒಳಗಿರುವ ವಿಷಯದಿಂದಲೇ ಗಣಿತದ ಮೂಲಕ ಹುಟ್ಟಿದ್ದು. ಅದಕ್ಕೆ ಹ್ಯಾಷ್ ಎನ್ನುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳು ಮತ್ತು ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಅಕ್ಷರಗಳು, ಒಟ್ಟು ಹದಿನಾರು ಚಿಹ್ನೆಗಳಿಂದ ಕಟ್ಟಿದ 40 ಸ್ಥಾನಗಳ ಹೆಸರು ಅದು. ಒಳಗಿನ ಒಂದು ಕೊಂಬು ದೀರ್ಘವಾದರೂ ಹೆಸರು ಪೂರ್ತಿಯಾಗಿ ಬೇರೆಯಾಗುತ್ತದೆ. ನಲವತ್ತನ್ನು ನೆನಪಿಡುವವರಾರು? ಮೊದಲಿನ ಏಳನ್ನು ಮಾತ್ರ ಬರೆದರೂ ಗಿಟ್ ಸಾಮಾನ್ಯವಾಗಿ ಗುರುತು ಹಿಡಿಯುತ್ತದೆ. ಗಿಟ್ಟಿನದೇ ಚರಿತ್ರೆಯ ಮೊದಲ ಕಮಿಟ್ 2005ರ ಏಪ್ರಿಲ್ 7ರದು. ಅದರ ಮೊಟಕು ಹೆಸರು ‘ಇ83ಸಿ516’. ಆ ಭಂಡಾರದ ಪೂರ್ಣ ಪ್ರತಿ ಇದ್ದವರು ಈ ಏಳನ್ನು ರೋಮನ್ ಲಿಪಿಯಲ್ಲಿ ಒತ್ತಿದರೆ, ಎರಡು ದಶಕಗಳ ಹಿಂದಿನ ಆ ಪುಟ ಇಂದಿಗೂ ಎದ್ದುಬರುತ್ತದೆ.

ಏಳು ಸ್ಥಾನಗಳಲ್ಲಿ 26,84,35,456 ಬೇರೆ ಬೇರೆ ಹೆಸರುಗಳು ಸಾಧ್ಯ. ಇಷ್ಟಿದ್ದ ಮೇಲೆ ಎರಡಕ್ಕೆ ಒಂದೇ ಹೆಸರು ಬರುವುದೆಂತು ಎಂದು ತೋರುವುದು ಸಹಜ. ಇಲ್ಲಿ ಗಣಿತ ನಮ್ಮ ಊಹೆಯನ್ನು ಸುಳ್ಳುಮಾಡುತ್ತದೆ. ಒಂದು ತರಗತಿಯಲ್ಲಿ 23 ಮಂದಿ ಇದ್ದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬ ಲೆಕ್ಕವನ್ನು ಅನೇಕರು ಕೇಳಿರಬಹುದು. ಅದೇ ಲೆಕ್ಕದಂತೆ, ಸುಮಾರು 19,300 ವಸ್ತುಗಳಿರುವ ಭಂಡಾರದಲ್ಲಿ ಯಾವುದೋ ಎರಡಕ್ಕೆ ಮೊದಲ ಏಳು ಚಿಹ್ನೆಗಳು ಒಂದೇ ಆಗುವ ಸಂಭವ ಅರ್ಧಕ್ಕೆ ಮುಟ್ಟುತ್ತದೆ. ಗಿಟ್ ಒಪ್ಪುವ ಅತಿ ಕಡಿಮೆ ಅಳತೆಯಾದ ನಾಲ್ಕಕ್ಕೆ ಇಳಿದರೆ ಸುಮಾರು 300 ವಸ್ತುಗಳೇ ಸಾಕು. ಕಮಿಟ್ಟುಗಳಷ್ಟೇ ಅಲ್ಲದೆ ಕಡತಗಳಿಗೂ ಅವುಗಳ ಪಟ್ಟಿಗಳಿಗೂ ಪ್ರತ್ಯೇಕ ಹೆಸರುಗಳಿರುವುದರಿಂದ ಎಣಿಕೆ ಬಲುಬೇಗ ಬೆಳೆಯುತ್ತದೆ. ಆದುದರಿಂದಲೇ 2016ರಲ್ಲಿ ಬಂದ ಗಿಟ್ 2.11ನೆಯ ಆವೃತ್ತಿಯಿಂದ ಮುಂದೆ ಭಂಡಾರ ದೊಡ್ಡದಾದಂತೆ ಮೊಟಕು ಹೆಸರೂ ತಾನಾಗಿ ಉದ್ದವಾಗುತ್ತದೆ. ಲಿನಕ್ಸ್ ಕಟ್ಟುವವರು ಕನಿಷ್ಠ 12 ಸ್ಥಾನಗಳನ್ನು ಬರೆಯಬೇಕೆಂದು ನಿಯಮ ಮಾಡಿಕೊಂಡಿದ್ದಾರೆ.

ಹನ್ನೆರಡಾದರೂ ನಿಶ್ಚಿಂತೆಯೆ? ಲಿನಕ್ಸ್ ಭಂಡಾರದ ಮೊದಲ ಕಮಿಟ್ಟಿನ ಹನ್ನೆರಡು ಚಿಹ್ನೆಗಳಿಗೆ ಸರಿಯಾಗಿ ಹೊಂದುವ ಇನ್ನೊಂದು ಕಮಿಟ್ಟನ್ನು ಕೀಸ್ ಕುಕ್ ಎಂಬ ತಜ್ಞರು 2024ರ ಡಿಸೆಂಬರಿನಲ್ಲಿ ಬೇಕೆಂದೇ ಹುಟ್ಟಿಸಿ ತೋರಿಸಿದರು. ಆಕಸ್ಮಿಕವಾಗಿ ಒದಗದ ಸಾಮ್ಯವನ್ನು ಪ್ರಯತ್ನದಿಂದ ಒದಗಿಸಬಹುದು ಎಂಬುದಕ್ಕೆ ಇದು ನಿದರ್ಶನ. ಪೂರ್ಣನಾಮಕ್ಕೂ ಇಂಥ ಅಪಾಯ ಇಲ್ಲದಿಲ್ಲ. ನಲವತ್ತು ಚಿಹ್ನೆಗಳ ಹಿಂದಿರುವ ಎಸ್‌ಎಚ್‌ಎ-1 ಎಂಬ ಗಣಿತಕ್ರಮದಲ್ಲಿ ಒಂದೇ ಹೆಸರು ಬರುವ ಎರಡು ಕಡತಗಳನ್ನು ಆಮ್‌ಸ್ಟರ್‌ಡ್ಯಾಮಿನ ಸಂಶೋಧನ ಕೇಂದ್ರವೊಂದೂ ಗೂಗಲ್ ಸಂಸ್ಥೆಯೂ ಕೂಡಿ 2017ರ ಫೆಬ್ರವರಿಯಲ್ಲಿ ಪ್ರಕಟಿಸಿದವು. ಆ ಬಳಿಕ ಗಿಟ್ ಅಂಥ ಮೋಸವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ಅಳವಡಿಸಿಕೊಂಡಿತು. 64 ಸ್ಥಾನಗಳ ಹೊಸ ಕ್ರಮಕ್ಕೂ 2020ರಲ್ಲಿ ದಾರಿ ತೆರೆಯಿತು.

ಇಲ್ಲಿಯವರೆಗೆ ಹೇಳಿದ್ದು ಹೆಸರಿನ ಮಾತು. ಇನ್ನು ವಸ್ತುವಿನ ಮಾತು. ಶೆಟ್ಟಿಕೆರೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಸೀಮೆಯ ತೆಂಗಿನ ಪದಕೋಶವನ್ನು ಸಿದ್ಧಪಡಿಸುತ್ತಿದ್ದಾಳೆ ಎಂದು ಭಾವಿಸೋಣ. ಹೊಂಬಾಳೆ, ಮಟ್ಟೆ, ಗರಿ, ಸೋಗೆ, ನಾರು, ಕರಟ, ಉಂಡೆಕೊಬ್ಬರಿ ಎಂದು ಒಂದೊಂದು ಮಾತನ್ನೂ ಹಿರಿಯರನ್ನು ಕೇಳಿ ಬರೆದು, ದಿನಕ್ಕೊಂದು ಕಮಿಟ್ ಮಾಡುತ್ತಾಳೆ. ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಏಳಕ್ಷರವನ್ನು ಗುರುತುಹಾಕುತ್ತಾಳೆ. ಭಂಡಾರದ ನಕಲನ್ನು ಬೇರೊಂದು ಡಿಸ್ಕಿನಲ್ಲಿ ಬ್ಯಾಕಪ್ ಇಡುತ್ತಾಳೆ. ಒಂದು ವರ್ಷದ ಬಳಿಕ ಅವಳ ಕಂಪ್ಯೂಟರು ಕೆಟ್ಟಿತು. ಅವಳಿಗೆ ಮಾತು ಹೇಳಿದ ಹಿರಿಯರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿರಬಹುದು. ಮತ್ತೆ ಕೇಳಿ ಬರೆಯುವಂತಿಲ್ಲ. ಆಗ ಆ ಡಿಸ್ಕು ಏಳಕ್ಷರದ ಕರೆಗೆ ಓಗೊಡುವುದೆ?

ಓಗೊಡದಿರಲು ಹಲವು ಕಾರಣಗಳಿವೆ. ಬರೆದುದನ್ನು ತಿದ್ದಿ ಕಮಿಟ್ಟನ್ನು ಮತ್ತೆ ಕಟ್ಟಿದಾಗ ಹಳೆಯ ಕಮಿಟ್ ಯಾವ ಶಾಖೆಗೂ ಸೇರದೆ ಅನಾಥವಾಗುತ್ತದೆ. ಅದು ತನ್ನ ಯಂತ್ರದಲ್ಲಿ ಕೆಲಕಾಲ ಉಳಿದಿರುತ್ತದೆ, ಕರೆದರೆ ಬರುತ್ತದೆ. ಅದರ ನೆನಪನ್ನು ಗಿಟ್ ಬೇರೆ ಅಪ್ಪಣೆಯಿಲ್ಲದಿದ್ದರೆ 30 ದಿನ ಇಟ್ಟುಕೊಂಡು, ಆಮೇಲೆ ಕಸಗುಡಿಸುವಾಗ ಬಿಟ್ಟುಬಿಡುತ್ತದೆ. ಸಾಮಾನ್ಯ ರೀತಿಯ ನಕಲಿನಲ್ಲಾದರೋ ಅನಾಥವಾದದ್ದು ಸೇರುವುದೇ ಇಲ್ಲ. ಇತ್ತೀಚಿನ ಕೆಲವು ಹಂತಗಳನ್ನಷ್ಟೇ ತರುವ ‘ಆಳವಿಲ್ಲದ’ ನಕಲಿನಲ್ಲಿ ಹಳೆಯ ಕಮಿಟ್ಟುಗಳಿರುವುದಿಲ್ಲ. ಇನ್ನೊಂದು ಸೂಕ್ಷ್ಮವುಂಟು. ಏಳಕ್ಷರದ ಹೆಸರು ನಡೆಯುವುದು ಭಂಡಾರ ನಮ್ಮ ಕೈಯಲ್ಲಿದ್ದಾಗ. ದೂರದ ಸರ್ವರಿನಿಂದ ಗಿಟ್ಟಿನ ಮೂಲಕ ಒಂದೇ ಕಮಿಟ್ಟನ್ನು ತರಿಸಬೇಕಾದರೆ ಮೊಟಕು ಹೆಸರನ್ನು ಅದು ಅಂಗೀಕರಿಸದು, ನಲವತ್ತನ್ನೂ ಕೊಡಬೇಕು. ಮನೆಯೊಳಗೆ ‘ಪುಟ್ಟಾ’ ಎಂದರೆ ಓಡಿಬರುವ ಮಗುವನ್ನು ಶಾಲೆಯ ಹಾಜರಿಪುಸ್ತಕದಲ್ಲಿ ಆ ಹೆಸರಿನಿಂದ ಹುಡುಕಿದರೆ ಸಿಕ್ಕೀತೆ?

ಲೋಕದಲ್ಲಿ ನಡೆದ ಎರಡು ಪ್ರಸಂಗಗಳು ಈ ಮಾತಿಗೆ ಸಾಕ್ಷಿ. 2013ರ ಮಾರ್ಚಿನಲ್ಲಿ ಕೆಡಿಇ ಎಂಬ ಸ್ವತಂತ್ರ ತಂತ್ರಾಂಶ ಸಮುದಾಯದ ಮುಖ್ಯ ಸರ್ವರಿನ ಕಡತವ್ಯವಸ್ಥೆ ಕೆಟ್ಟುಹೋಯಿತು. ಅಲ್ಲಿದ್ದುದು ಸುಮಾರು 1500 ಗಿಟ್ ಭಂಡಾರಗಳು. ಅವುಗಳ ಪ್ರತಿಗಳನ್ನಿಟ್ಟಿದ್ದ ಇತರ ಸರ್ವರುಗಳು ಕನ್ನಡಿಯಂತೆ ನಿಷ್ಠೆಯಿಂದ ಮುಖ್ಯ ಸರ್ವರನ್ನು ಅನುಸರಿಸಿ, ಕೆಟ್ಟುದನ್ನೂ ನಕಲುಮಾಡಿಕೊಂಡವು. ಒಂದು ಸರ್ವರಿನಲ್ಲಿ ಮಾತ್ರ ಕೆಡದ ಪ್ರತಿ ಉಳಿದಿದ್ದುದರಿಂದ ಸಮುದಾಯ ಪಾರಾಯಿತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮುಖ್ಯ ದತ್ತಸಂಚಯವೇ ಅಳಿಸಿಹೋಯಿತು. ಬ್ಯಾಕಪ್ಪಿಗೆಂದು ಐದು ಬಗೆಯ ಏರ್ಪಾಡುಗಳಿದ್ದವೆಂದು ನಂಬಿದ್ದರು. ಬೇಕಾದಾಗ ಅವುಗಳಲ್ಲಿ ಒಂದೂ ನೆಟ್ಟಗೆ ನಡೆಯಲಿಲ್ಲ. ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಕಾರಣಕ್ಕಾಗಿ ತೆಗೆದಿಟ್ಟ ಪ್ರತಿ ಕೈಹಿಡಿಯಿತು. ಆ ಆರು ಗಂಟೆಗಳ ದತ್ತಾಂಶ ಹೋದದ್ದು ಹೋಯಿತು. ಗಿಟ್ ಭಂಡಾರಗಳು ಬೇರೆಡೆ ಇದ್ದುದರಿಂದ ಉಳಿದುಕೊಂಡವು. ಇಡುವುದರಲ್ಲಿ ಯಾರೂ ಕಡಿಮೆಮಾಡಿರಲಿಲ್ಲ. ತೆಗೆದು ನೋಡುವುದೊಂದು ಮಾತ್ರ ನಡೆದಿರಲಿಲ್ಲ.

ನಮ್ಮ ತಿಪಟೂರು ಸೀಮೆಯ ರೈತನಿಗೆ ಈ ವಿವೇಕ ಹೊಸದಲ್ಲ. ಉಂಡೆಕೊಬ್ಬರಿಗೆಂದು ಕಾಯನ್ನು ಅಟ್ಟಕ್ಕೇರಿಸಿ ವರ್ಷಕ್ಕೆ ಸಮೀಪ ಕಾಲ ಬಿಡುತ್ತಾನೆ. ಅಟ್ಟದ ಮೇಲಿದ್ದ ಮಾತ್ರಕ್ಕೆ ಕಾಯಿ ಕೊಬ್ಬರಿಯಾಯಿತೆಂದು ಅವನು ನಂಬುವುದಿಲ್ಲ. ಕೈಗೆತ್ತಿಕೊಂಡು ಅಲ್ಲಾಡಿಸುತ್ತಾನೆ, ನೀರಿಂಗಿ ಕರಟದಿಂದ ಬಿಟ್ಟ ಕೊಬ್ಬರಿ ಒಳಗೆ ಉರುಳುವ ಸದ್ದನ್ನು ಕೇಳುತ್ತಾನೆ. ಕೆಲವನ್ನು ಒಡೆದೂ ನೋಡುತ್ತಾನೆ.

ಗಿಟ್ ಭಂಡಾರವನ್ನು ಅಲ್ಲಾಡಿಸಿ ನೋಡುವ ಬಗೆ ಹೀಗೆ. ಮೊದಲನೆಯದಾಗಿ, ಪರೀಕ್ಷೆ ಬರೆದ ಯಂತ್ರದಲ್ಲಿ ನಡೆಯಕೂಡದು; ಅಲ್ಲಿ ಅನಾಥ ಕಮಿಟ್ಟೂ ಉತ್ತರ ಕೊಟ್ಟು ಮೋಸಮಾಡುತ್ತದೆ. ಬೇರೊಂದು ಬರಿದಾದ ಸ್ಥಳದಲ್ಲಿ, ಬ್ಯಾಕಪ್ಪಿನಿಂದ ಮಾತ್ರ ಭಂಡಾರವನ್ನು ಮರಳಿ ಕಟ್ಟಬೇಕು. ಬಳಿಕ ಟಿಪ್ಪಣಿ ಪುಸ್ತಕದಿಂದ ಅತಿ ಹಳೆಯದೊಂದು, ನಡುವಿನದೊಂದು, ಮುಖ್ಯ ಶಾಖೆಗೆ ಇನ್ನೂ ಸೇರದಿರುವುದೊಂದು, ನಿನ್ನೆಯದೊಂದು ಏಳಕ್ಷರವನ್ನು ಆರಿಸಿ ಕರೆಯಬೇಕು. ಬಂದುದರ ಪೂರ್ಣನಾಮ ಮೊದಲೇ ಬರೆದಿಟ್ಟ ನಲವತ್ತಕ್ಕೆ ಸರಿಹೊಂದುವುದೇ, ಒಳಗಿನ ಪಾಠ ಆ ದಿನದ್ದೇ ಎಂದು ಕಣ್ಣಾರೆ ಓದಬೇಕು. ಇಲ್ಲದ ಹೆಸರೊಂದನ್ನು ಕರೆದು ‘ಇಲ್ಲ’ ಎನ್ನುವುದೇ ಎಂದೂ ನೋಡಬೇಕು. ಎರಡಕ್ಕೆ ಹೊಂದುವ ಮೊಟಕು ಹೆಸರಿಗೆ ಗಿಟ್ ಸಂದಿಗ್ಧವೆಂದು ಹೇಳಿ, ಸರಿಹೊಂದುವವುಗಳ ಪಟ್ಟಿಯನ್ನು ಕೊಡುತ್ತದೆ. ಕೊನೆಗೆ ಇಡೀ ಭಂಡಾರದ ಪ್ರತಿ ವಸ್ತುವಿನ ಹೆಸರನ್ನೂ ಮತ್ತೆ ಲೆಕ್ಕಹಾಕಿ ತಾಳೆನೋಡುವ ‘ಎಫ್‌ಎಸ್‌ಸಿಕೆ’ ಎಂಬ ಅಪ್ಪಣೆಯನ್ನು ನಡೆಸಬೇಕು. ವಿಷಯದಿಂದಲೇ ಹೆಸರು ಹುಟ್ಟಿರುವುದರಿಂದ ಒಂದಕ್ಷರ ಕೆಟ್ಟಿದ್ದರೂ ಅಲ್ಲಿ ಬಯಲಾಗುತ್ತದೆ. ಓಲೆಗರಿಗೆ ಈ ಸೌಭಾಗ್ಯವಿರಲಿಲ್ಲ. ಗೆದ್ದಲು ತಿಂದ ಭಾಗ ಕಣ್ಣಿಗೆ ಕಾಣುತ್ತಿತ್ತು. ಲಿಪಿಕಾರ ಬದಲಿಸಿದ ಅಕ್ಷರ ಕಾಣುತ್ತಿರಲಿಲ್ಲ.

ಅಧ್ಯಾಪಕರೂ ಸಂಶೋಧಕರೂ ಈ ಮಾತನ್ನು ತಮ್ಮ ಕೆಲಸಕ್ಕೆ ಅನ್ವಯಿಸಿಕೊಳ್ಳುವುದು ಒಳ್ಳೆಯದು. ಮಾತಿನಲ್ಲಿ, ಕೈಟಿಪ್ಪಣಿಯಲ್ಲಿ ಏಳಕ್ಷರ ಸಾಕು. ಅಚ್ಚಿಗೆ ಹೋಗುವ ಅಡಿಟಿಪ್ಪಣಿಯಲ್ಲಿ ನಲವತ್ತನ್ನೂ ಕೊಡಬೇಕು. ಜೊತೆಗೆ ಭಂಡಾರದ ಹೆಸರನ್ನೂ ದಿನಾಂಕವನ್ನೂ ಕೊಡಬೇಕು. ಇಂದು ಏಕೈಕವಾಗಿರುವ ಮೊಟಕು ಹೆಸರು ಭಂಡಾರ ಬೆಳೆದ ಮೇಲೆ ಹಾಗೆಯೇ ಉಳಿಯುವುದೆಂಬ ಭರವಸೆಯಿಲ್ಲ. ಶಾಸನಸಂಖ್ಯೆಗಳ ಹಳತು ಹೊಸತನ್ನು ಹೊಂದಿಸಲು ಒಂದು ತಲೆಮಾರಿನ ವಿದ್ವಾಂಸರು ಪಟ್ಟ ಶ್ರಮವನ್ನು ನಾವು ಮುಂದಿನವರ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಸಂಗ್ರಹಿಸುವುದರಲ್ಲಿ ಒಂದು ತೃಪ್ತಿಯಿದೆ. ಆ ತೃಪ್ತಿಯೇ ಅನೇಕವೇಳೆ ನಮ್ಮನ್ನು ನಿದ್ದೆಗೆ ಹಾಕುತ್ತದೆ. ವರ್ಷಕ್ಕೊಮ್ಮೆಯಾದರೂ ಒಂದು ಮಧ್ಯಾಹ್ನವನ್ನು ಬಿಡುವುಮಾಡಿಕೊಂಡು, ಇಟ್ಟುದನ್ನು ಹೆಸರಿಟ್ಟು ಕರೆದು ನೋಡಿದರೆ, ಬಾರದಿರುವುದು ಯಾವುದೆಂದು ಸರಿಪಡಿಸಲು ಕಾಲವಿರುವಾಗಲೇ ತಿಳಿಯುತ್ತದೆ. ಮಾತು ಹೇಳಿದ ಹಿರಿಯರು ಇನ್ನೂ ಜಗಲಿಯ ಮೇಲೆ ಕುಳಿತಿರುವಾಗಲೇ ಅದು ತಿಳಿದರೆ, ಹೋಗಿ ಮತ್ತೊಮ್ಮೆ ಕೇಳಿ ಬರೆದುಕೊಳ್ಳಬಹುದು.