ನಂದಿದುರ್ಗದ ಗಣಿಯೂ ಪ್ರೋಟಾನ್ ಚಿಕಿತ್ಸೆಯೂ

ಕ್ಯಾನ್ಸರ್ ಎಂದು ಜನರು ಕರೆಯುವ ಅರ್ಬುದರೋಗಕ್ಕೆ ಮೀಸಲೆಂದು ಭಾವಿಸಲಾಗಿದ್ದ ಪ್ರೋಟಾನ್ ಕಿರಣದ ಚಿಕಿತ್ಸೆಯನ್ನು ಇತರ ವ್ಯಾಧಿಗಳಿಗೂ ವಿಸ್ತರಿಸುವ ಪ್ರಯತ್ನಗಳು ಲೋಕದ ಹಲವು ಕಡೆ ನಡೆಯುತ್ತಿರುವುವು. ನಂದಿದುರ್ಗ, ಚಾಂಪಿಯನ್ ರೀಫ್ ಮುಂತಾದ ಗಣಿಗಳ ಸುತ್ತ ನೆಲಸಿರುವವರೂ ಬಂಗಾರಪೇಟೆಯ ಮಹಾಜನರೂ ಇದನ್ನು ದೂರದೇಶದ ವಾರ್ತೆಯೆಂದು ಕಡೆಗಣಿಸಲಾಗದು. ಕಣವಿಜ್ಞಾನಕ್ಕೆ ಈ ನೆಲ ಸಲ್ಲಿಸಿರುವ ಸೇವೆ ಅಲ್ಪವಾದುದಲ್ಲ.

1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 7,500 ಅಡಿಗಳ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜಪಾನಿನ ಒಸಾಕ ಹಾಗೂ ಇಂಗ್ಲೆಂಡಿನ ಡರ್ಹಂ ನಗರಗಳ ವಿಜ್ಞಾನಿಗಳೂ ಸೇರಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಕುರುಹನ್ನು ಕಂಡುಹಿಡಿದರು. 1980ರಿಂದ ಇಲ್ಲಿಯೇ ಕಬ್ಬಿಣದ ಫಲಕಗಳ 140 ಟನ್ ತೂಕದ ಯಂತ್ರವನ್ನಿಟ್ಟು, ಪ್ರೋಟಾನ್ ಕಣವು ಎಂದಾದರೂ ತಾನಾಗಿಯೇ ನಶಿಸುವುದೇ ಎಂದು ಕಾದು ನೋಡಿದರು. ಅವರಿಗೆ ದಾರಿ ತೋರಿದವರು, ಭಾರ ಹೊತ್ತವರು ಗಣಿಯ ಕೂಲಿಗಾರರೇ. ಆ ಪ್ರೋಟಾನೇ ಇಂದು ರೋಗಿಯ ಶರೀರದಲ್ಲಿ ವೈದ್ಯನ ಆಯುಧವಾಗಿದೆ.

ಈ ಆಯುಧದ ವಿಶೇಷವನ್ನು ಗಣಿಯವರು ಸುಲಭವಾಗಿ ಗ್ರಹಿಸಬಲ್ಲರು. ಬಂಡೆಯಲ್ಲಿ ರಂಧ್ರ ಕೊರೆದು ಮದ್ದನ್ನು ತಳದಲ್ಲಿಟ್ಟರೆ ಸ್ಫೋಟವು ಅಲ್ಲಿಯೇ ಆಗುವುದು. ದಾರಿಯ ಕಲ್ಲು ಬಹುಮಟ್ಟಿಗೆ ಉಳಿಯುವುದು. ಎಕ್ಸ್-ಕಿರಣವು ಶರೀರವನ್ನು ಹೊಕ್ಕು ಮತ್ತೊಂದು ಪಕ್ಕದಿಂದ ಹೊರಬೀಳುವವರೆಗೂ ತನ್ನ ಶಕ್ತಿಯನ್ನು ಚೆಲ್ಲುತ್ತ ಹೋಗುವುದು. ಪ್ರೋಟಾನಾದರೋ ದಾರಿಯಲ್ಲಿ ಸ್ವಲ್ಪವನ್ನೇ ವ್ಯಯಿಸಿ, ನಿಲ್ಲುವೆಡೆಯಲ್ಲಿ ಉಳಿದುದನ್ನೆಲ್ಲ ಸುರಿದು, ಅಲ್ಲಿಯೇ ಕೊನೆಗೊಳ್ಳುವುದು. ಹದಿನೈದು ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಪ್ರೋಟಾನು ನೀರಿನಲ್ಲಿ ಸುಮಾರು 16 ಸೆಂಟಿಮೀಟರುಗಳಷ್ಟು ಸಾಗಿ ನಿಲ್ಲುವುದು. ಶಕ್ತಿಯನ್ನು ಹೆಚ್ಚುಕಡಿಮೆ ಮಾಡಿದರೆ ನಿಲ್ಲುವ ಆಳವೂ ಬದಲಾಗುವುದು. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು 1946ರಲ್ಲಿ ಸೂಚಿಸಿದವರು ಅಮೆರಿಕದ ರಾಬರ್ಟ್ ವಿಲ್ಸನ್ನರು. 1954ರಲ್ಲಿ ಬರ್ಕ್‌ಲಿಯಲ್ಲಿ ಮೊದಲ ರೋಗಿಗೆ ಅದು ಪ್ರಯೋಗವಾಯಿತು.

ಈ ಚಿಕಿತ್ಸೆಯ ವ್ಯಾಪ್ತಿಯನ್ನು ಹಿಗ್ಗಿಸುವ ಯೋಚನೆ ಕೇವಲ ನಿನ್ನೆಯದಲ್ಲ. ಮಿದುಳಿನಲ್ಲಿ ರಕ್ತನಾಳಗಳು ಗೋಜಲಾಗಿ ಹೆಣೆದುಕೊಂಡ ರೋಗಕ್ಕೆ ಹಾರ್ವರ್ಡಿನ ಯಂತ್ರದ ಬಳಿ 1960ರ ದಶಕದಲ್ಲಿಯೇ ಪ್ರೋಟಾನುಗಳನ್ನು ಬಳಸಿದರು. 2019ರ ಡಿಸೆಂಬರಿನಲ್ಲಿ ಇಟಲಿಯ ಪವಿಯಾ ನಗರದಲ್ಲಿ, ಔಷಧಗಳಿಗೂ ಇತರ ಉಪಾಯಗಳಿಗೂ ಬಗ್ಗದಿದ್ದ ಹೃದಯದ ಅಪಾಯಕರವಾದ ಅಸಮ ಬಡಿತಕ್ಕೆ ಒಬ್ಬ ರೋಗಿಯ ಹೃತ್ಕುಕ್ಷಿಯನ್ನು ಪ್ರೋಟಾನುಗಳಿಂದ ಉಪಚರಿಸಿದರು. ಇವೆಲ್ಲ ಭರವಸೆಯನ್ನು ಹುಟ್ಟಿಸುವ ಸಂಗತಿಗಳೇ. ಆದರೆ ಒಬ್ಬ ರೋಗಿಯ ಅನುಭವವು ಶಾಸ್ತ್ರದ ನಿರ್ಣಯವಲ್ಲ.

ಈ ಎಚ್ಚರಿಕೆ ನಮ್ಮ ಗಣಿಯವರಿಗೆ ವಿಶೇಷವಾಗಿ ಬೇಕು. ಕಲ್ಲಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಶ್ವಾಸಕೋಶಗಳು ಗಟ್ಟಿಯಾಗುವ ಸಿಲಿಕೋಸಿಸ್ ವ್ಯಾಧಿಯನ್ನು ಯಾವ ಕಿರಣವೂ ಗುಣಪಡಿಸಲಾರದು; ಗುಣಪಡಿಸುವುದೆಂದು ಹೇಳುವವರನ್ನು ನಂಬಬಾರದು. ಆದರೆ ಆ ಧೂಳು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯವರು 1997ರಲ್ಲಿ ನಿಷ್ಕರ್ಷಿಸಿದರು. ಮೊದಲೇ ಕುಂದಿದ ಶ್ವಾಸಕೋಶದಲ್ಲಿ ಅರ್ಬುದವೂ ಹುಟ್ಟಿದರೆ ಆರೋಗ್ಯವಾಗಿ ಉಳಿದ ಪ್ರತಿಯೊಂದು ಭಾಗವೂ ಅಮೂಲ್ಯವಾದುದು. ಅಲ್ಲಿಯೂ ಪ್ರೋಟಾನೇ ಮೇಲೆಂದು ಕಣ್ಣುಮುಚ್ಚಿ ಹೇಳುವಂತಿಲ್ಲ. 2018ರಲ್ಲಿ ಪ್ರಕಟವಾದ ಶ್ವಾಸಕೋಶದ ಅರ್ಬುದದ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಲಾಭ ಕಾಣಲಿಲ್ಲ; 2020ರಲ್ಲಿ ಪ್ರಕಟವಾದ ಅನ್ನನಾಳದ ಅರ್ಬುದದ ಪರೀಕ್ಷೆಯಲ್ಲಾದರೋ ದುಷ್ಪರಿಣಾಮಗಳು ಗಣನೀಯವಾಗಿ ತಗ್ಗಿದುವು. ರೋಗವನ್ನು ನೋಡಿ, ರೋಗಿಯನ್ನು ನೋಡಿ ನಿರ್ಧರಿಸಬೇಕಾದ ವಿಷಯವಿದು.

ಹಾಗೆ ನಿರ್ಧಾರವಾದ ಮೇಲೆ ರೋಗಿಯು ಹೋಗುವುದೆಲ್ಲಿಗೆ? ನಮ್ಮ ದೇಶದಲ್ಲಿ 2019ರಲ್ಲಿ ಚೆನ್ನೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ರೋಟಾನ್ ಚಿಕಿತ್ಸೆ ಆರಂಭವಾಯಿತು. ಬಳಿಕ ನವಿ ಮುಂಬಯಿಯ ಖಾರಘರದಲ್ಲಿ ಟಾಟಾ ಸ್ಮಾರಕ ಕೇಂದ್ರದವರು ಇದನ್ನು ಕೈಗೊಂಡರು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ, ನಂದಿದುರ್ಗದ ಸುತ್ತಿನ ಎಷ್ಟೋ ಮಂದಿ ಮುಂಜಾನೆಯ ರೈಲು ಹತ್ತಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೂಲಿಗೆ ಹೋಗುವವರಾದರು. ದಿನಗೂಲಿಯವನು ವಾರಗಟ್ಟಲೆ ಪರಊರಿನಲ್ಲಿದ್ದು ಇಂತಹ ಚಿಕಿತ್ಸೆ ಪಡೆಯುವುದು ಹೇಗೆ? ಚಿಕಿತ್ಸೆಯನ್ನು ವಿಸ್ತರಿಸುವವರು ರೋಗಗಳನ್ನು ಎಣಿಸಿದರೆ ಸಾಲದು; ಅದು ದೊರೆಯುವ ಜನರನ್ನೂ ಎಣಿಸಬೇಕು.

ನೂರಾರು ಕೋಟಿ ರೂಪಾಯಿಗಳ ಯಂತ್ರವನ್ನು ಸರ್ಕಾರದವರು ಹೇಗೆ ತರಬಲ್ಲರೆಂದು ಕೆಲವರು ಕೇಳಬಹುದು. 1902ರಲ್ಲಿ ಮೈಸೂರು ಸರ್ಕಾರವು ಶಿವನಸಮುದ್ರದಿಂದ ಸುಮಾರು 92 ಮೈಲಿಗಳ ದೂರ ತಂತಿ ಎಳೆದು ಈ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ತಂದಿತು; ಬೆಂಗಳೂರಿನ ಬೀದಿಗಳಿಗೆ ಆ ದೀಪ ಬಂದುದು 1905ರಲ್ಲಿ. ಚಿನ್ನವನ್ನು ಎತ್ತಲು ಅಷ್ಟು ಸಾಹಸ ಮಾಡಿದ ನಾಡು ಅದನ್ನು ಎತ್ತಿದವರ ಮಕ್ಕಳ ಪ್ರಾಣಕ್ಕಾಗಿ ಸಾಹಸ ಮಾಡಲಾರದೆಂದು ನಾವು ಒಪ್ಪಲಾರೆವು.

ಆದಕಾರಣ ಅಧಿಕಾರಿವರ್ಗದವರು ಮೂರು ಕಾರ್ಯಗಳನ್ನು ಕೈಗೊಳ್ಳತಕ್ಕದ್ದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸಾರ್ವಜನಿಕ ಆಸ್ಪತ್ರೆಯಲ್ಲಿ ಈ ಯಂತ್ರವನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಬೇಕು. ಅದಾಗುವವರೆಗೆ, ಪ್ರಯೋಜನವು ಸಿದ್ಧವಾಗಿರುವ ರೋಗಗಳಲ್ಲಿ ಬಡವರನ್ನು ಸರ್ಕಾರದ ವೆಚ್ಚದಿಂದಲೇ ಈಗಿರುವ ಕೇಂದ್ರಗಳಿಗೆ ಕಳುಹಿಸಬೇಕು. ಇವೆರಡಕ್ಕೂ ಮುಂಚೆ, ಹಳೆಯ ಗಣಿಕಾರ್ಮಿಕರ ಶ್ವಾಸಕೋಶಗಳನ್ನು ಅವರ ಊರಿನಲ್ಲಿಯೇ ಕ್ರಮವಾಗಿ ಪರೀಕ್ಷಿಸುವ ಏರ್ಪಾಡಾಗಬೇಕು. ರೋಗವು ತಡವಾಗಿ ಪತ್ತೆಯಾದರೆ ಎಂತಹ ಕಿರಣವೂ ನಿಷ್ಫಲ. ಈ ಮೂರನೆಯ ಕಾರ್ಯಕ್ಕೆ ಕೋಟಿಗಳು ಬೇಡ, ಮನಸ್ಸು ಬೇಕು. ಅದನ್ನು ಈ ವರ್ಷವೇ ಆರಂಭಿಸಲು ಅಡ್ಡಿಯೇನೂ ನಮಗೆ ಕಾಣದು.